ಫಲಕದ ಬೆನ್ನು

ದಾರಿಯ ಬದಿಯಲ್ಲಿ ನಿಂತು ದಾರಿಹೋಕರಿಗೆ ಹಿತವಚನ ಹೇಳುವ ಕಂಬಗಳ ಬಗ್ಗೆ ನನಗೆ ಬಾಲ್ಯದಿಂದಲೂ ಒಂದು ಬಗೆಯ ಗೌರವವುಂಟು. ನಾಲ್ಕು ದಾರಿ ಕೂಡುವಲ್ಲಿ ಕೈ ಚಾಚಿ ನಿಂತಿದ್ದ ಹಳೆಯ ಕೈಮರಗಳಾಗಲಿ, ಸುಣ್ಣ ಬಳಿಸಿಕೊಂಡು ಸಾಲುಮರಗಳ ನೆರಳಿನಲ್ಲಿ ಕುಳಿತಿದ್ದ ಮೈಲಿಗಲ್ಲುಗಳಾಗಲಿ, ಯಾರನ್ನೂ ಗದರಿಸದೆ, ಯಾರಿಂದಲೂ ಕೃತಜ್ಞತೆಯನ್ನು ಅಪೇಕ್ಷಿಸದೆ, ಮಳೆಬಿಸಿಲುಗಳಲ್ಲಿ ಪರೋಪಕಾರಾರ್ಥವಾಗಿ ನಿಂತಿರುವುದನ್ನು ಕಂಡಾಗಲೆಲ್ಲ, ಸತ್ಪುರುಷರ ಲಕ್ಷಣವನ್ನು ಹೇಳಹೊರಟ ಸುಭಾಷಿತಕಾರರು ಮರ, ನದಿ, ಮೋಡಗಳ ಜತೆಗೆ ಇವನ್ನೇಕೆ ಸೇರಿಸಲಿಲ್ಲವೋ ಎಂದು ನಾನು ಆಲೋಚಿಸಿದ್ದುಂಟು. 1909ರಲ್ಲಿ ಪ್ಯಾರಿಸ್ ನಗರದಲ್ಲಿ ಕಲೆತ ರಾಷ್ಟ್ರಗಳು ಮೋಟಾರು ಸಂಚಾರದ ಕ್ಷೇಮಕ್ಕೆ ಉಬ್ಬುತಗ್ಗು, ತಿರುವು, ಕೂಡುರಸ್ತೆ, ರೈಲುದಾರಿ ಎಂಬ ನಾಲ್ಕೇ ಸಂಕೇತಗಳು ಸಾಕೆಂದು ತೀರ್ಮಾನಿಸಿದುವು. ಇಂದು ನಮ್ಮ 1988ರ ಮೋಟಾರು ವಾಹನ ಕಾಯಿದೆಯ ಅನುಸೂಚಿಯನ್ನು ತೆರೆದರೆ ಅವುಗಳ ಸಂತತಿ ಪುಟಗಟ್ಟಲೆ ಬೆಳೆದಿರುವುದು ಕಾಣುತ್ತದೆ. ಆಜ್ಞೆಯ ಫಲಕ ದುಂಡಗೆ, ಎಚ್ಚರಿಕೆಯದು ಮುಕ್ಕೋಣ, ಮಾಹಿತಿಯದು ಚೌಕ. ಇವಿಷ್ಟನ್ನೂ ನಾನು ಗೌರವದಿಂದಲೇ ಕಾಣುತ್ತೇನೆ, ಒಂದೇ ಒಂದು ನಿಬಂಧನೆಗೆ ಒಳಪಟ್ಟು: ಫಲಕವು ನನ್ನ ಕಡೆಗೆ ಮುಖಮಾಡಿ ನಿಂತಿರಬೇಕು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕರಲ್ಲಿ ಒಂದು ಊರಿನಲ್ಲಿ ನಡೆದ ಸಂಗತಿಯಿದು. ಯಾವ ಊರೆಂಬುದನ್ನು ಹೇಳಲಾರೆ. ರೇಷ್ಮೆಗೂಡಿನ ಮಾರುಕಟ್ಟೆಯ ವಾಸನೆ ಸುಳಿದರೆ ರಾಮನಗರವೆಂದೂ, ಅರಗಿನ ಬಣ್ಣದ ಬೊಂಬೆ ಕಂಡರೆ ಚನ್ನಪಟ್ಟಣವೆಂದೂ, ಸಾವನದುರ್ಗದ ಬಂಡೆ ಇಣುಕಿದರೆ ಮಾಗಡಿಯೆಂದೂ ಓದುಗರು ಕ್ಷಣಮಾತ್ರದಲ್ಲಿ ಊಹಿಸಿಬಿಡುವರಾದ್ದರಿಂದ ಗೂಡು, ಬೊಂಬೆ, ಬಂಡೆ ಮೂರನ್ನೂ ಈ ಪ್ರಬಂಧದಿಂದ ಹೊರಗಿಟ್ಟಿದ್ದೇನೆ. ಹಾಗೆಂದು ಸಂದೇಹವು ಕನಕಪುರದವರ ಮೇಲೆ ಬೀಳದಿರಲಿ. ಅಂತೂ ಈ ಸೀಮೆಗೆ ಫಲಕ ಬದಲಿಸುವುದು ಹೊಸತೇನಲ್ಲ. ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರಿನಿಂದ ಕ್ಲೋಸ್‌ಪೇಟೆಯೆನಿಸಿಕೊಂಡಿದ್ದ ಊರು ರಾಮನಗರವಾಯಿತು. 2007ರಲ್ಲಿ ತಾನೇ ಒಂದು ಜಿಲ್ಲೆಯ ಮುಖ್ಯ ಪಟ್ಟಣವಾಯಿತು. 2025ರಲ್ಲಿ ಆ ಜಿಲ್ಲೆ ಬೆಂಗಳೂರು ದಕ್ಷಿಣವೆಂಬ ನಾಮಾಂತರವನ್ನು ಪಡೆಯಿತು. ಹೆಸರು ಬದಲಾದಾಗ ಕಚೇರಿಯ ಬೋರ್ಡುಗಳನ್ನು ಬರೆಸುವುದರಲ್ಲಿ ಸರ್ಕಾರವು ತೋರುವ ಲವಲವಿಕೆಯ ಶತಾಂಶವು ಒಂದು ತಗಡನ್ನು ಅರ್ಧ ಸುತ್ತು ತಿರುಗಿಸುವುದರಲ್ಲಿ ಕಂಡುಬಂದಿದ್ದರೆ ನಾನು ನ್ಯಾಯಾಲಯದ ಮೆಟ್ಟಿಲು ಹತ್ತುವ ಪ್ರಸಂಗವೇ ಬರುತ್ತಿರಲಿಲ್ಲ.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಗೃಹಪ್ರವೇಶಕ್ಕೆಂದು ನಾನು ಕೆಂಗೇರಿಯ ಮನೆಯಿಂದ ಸ್ಕೂಟರಿನಲ್ಲಿ ಹೊರಟೆ. ಮೈಸೂರು ಕಡೆಗೆ ಈಗ ಭರ್ಜರಿ ಹೆದ್ದಾರಿಯಾಗಿದೆಯಷ್ಟೆ. 2023ರ ಮಾರ್ಚ್ 12ರಂದು ಪ್ರಧಾನಮಂತ್ರಿಗಳು ಉದ್ಘಾಟಿಸಿದ ಆ ಮಾರ್ಗದ ಮೇಲೆ ಅದೇ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ, ತ್ರಿಚಕ್ರ ವಾಹನಗಳಿಗೂ ಟ್ರ್ಯಾಕ್ಟರುಗಳಿಗೂ ಪ್ರವೇಶವಿಲ್ಲ. ಅಲ್ಲಿನ ಫಲಕಗಳ ವೈಭವವನ್ನು ಬಣ್ಣಿಸಲಳವಲ್ಲ. ವೇಗದ ಮಿತಿ 100 ಎಂಬುದನ್ನು ಕುರುಡನೂ ಕಾಣುವಷ್ಟು ದಪ್ಪ ಅಂಕಿಗಳಲ್ಲಿ ಬರೆದಿದ್ದಾರೆ. ರಾತ್ರಿ ದೀಪದ ಬೆಳಕು ಬಿದ್ದರೆ ಅಕ್ಷರಗಳು ತಾವೇ ಪ್ರಜ್ವಲಿಸುತ್ತವೆ. ಕ್ಯಾಮೆರಾ ಹಿಡಿದು ದಂಡ ಹಾಕುವುದಾದರೆ ಆ ಕ್ಯಾಮೆರಾ ಇರುವ ಸಂಗತಿಯನ್ನು ಮುಂಚಿತವಾಗಿ, ಎದ್ದುಕಾಣುವಂತೆ ತಿಳಿಸತಕ್ಕದ್ದೆಂದು ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಸೇರಿಸಿದ 167ಎ ನಿಯಮವು ವಿಧಿಸುತ್ತದೆ. ತಪ್ಪು ನಡೆದ ಹದಿನೈದು ದಿನಗಳೊಳಗೆ ನೋಟೀಸು ಕಳುಹಿಸಬೇಕೆಂಬ ದಾಕ್ಷಿಣ್ಯವನ್ನೂ ಅದರಲ್ಲಿ ತೋರಿಸಿದ್ದಾರೆ. ಈ ಸಕಲ ಸೌಭಾಗ್ಯವನ್ನೂ ಸರ್ವಿಸ್ ರಸ್ತೆಯ ಗುಂಡಿಗಳ ನಡುವಿನಿಂದ, ತಂತಿಬೇಲಿಯಾಚೆಗೆ, ಕತ್ತು ಹೊರಳಿಸಿ ನೋಡುತ್ತ ನಾನು ಸಾಗಿದೆ. ಸ್ಕೂಟರಿನವನಿಗೆ ನಿಷಿದ್ಧವಾದ ದಾರಿಯಲ್ಲಿ ಫಲಕಗಳೆಲ್ಲ ಅವನ ಕಡೆಗೆ ಮುಖಮಾಡಿರುತ್ತವೆ ಎಂಬ ತತ್ತ್ವವು ಆಗ ನನಗೆ ಇನ್ನೂ ಹೊಳೆದಿರಲಿಲ್ಲ.

ಊರೊಳಗೆ ಬಂದು, ಪೇಟೆಯ ದೊಡ್ಡ ರಸ್ತೆಯಿಂದ ಎಡಕ್ಕೆ, ರಾಗಿ ಹಿಟ್ಟಿನ ಗಿರಣಿಯ ಪಕ್ಕದ ಬೀದಿಗೆ ತಿರುಗಿದೆ. ಹತ್ತು ಮಾರು ಒಳಗೆ ಒಂದು ಕಬ್ಬಿಣದ ಕಂಬ. ಅದರ ತುದಿಯಲ್ಲಿ ದುಂಡನೆಯ ತಗಡು. ತಗಡಿನ ಮೇಲೆ ಮೂಲವ್ಯಾಧಿಗೆ ಶಸ್ತ್ರಚಿಕಿತ್ಸೆಯಿಲ್ಲದೆ ಶಾಶ್ವತ ಪರಿಹಾರವುಂಟೆಂದು ಸಾರುವ ಹಳದಿ ಚೀಟಿ. ಆ ವ್ಯಾಧಿಯು ನನಗಿಲ್ಲವಾದ್ದರಿಂದ ಮುಂದೆ ಸಾಗಿದೆ. ಕಂಬವನ್ನು ದಾಟುತ್ತಲೇ ಬೇವಿನ ಮರದ ನೆರಳಿನಿಂದ ಪೊಲೀಸಿನವರೊಬ್ಬರು ಕೈಯಲ್ಲಿ ಮೆಷಿನ್ ಹಿಡಿದು ಪ್ರತ್ಯಕ್ಷರಾದರು. ನಾನು ಸ್ಕೂಟರನ್ನು ನಿಲ್ಲಿಸುವುದಕ್ಕೂ ಅವರು ನನ್ನ ಭಾವಚಿತ್ರವನ್ನು ತೆಗೆಯುವುದಕ್ಕೂ ಸರಿಹೋಯಿತು.

"ಒನ್‌ವೇಲಿ ಬಂದಿದೀರಲ್ಲ, ಬೋರ್ಡ್ ನೋಡ್ಲಿಲ್ವಾ ಸಾರ್?"

"ಯಾವ ಬೋರ್ಡಪ್ಪ?"

"ಅಕೋ, ನಿಮ್ ಹಿಂದೇನೇ ಐತಲ್ಲ."

ತಿರುಗಿ ನೋಡಿದೆ. ಮೂಲವ್ಯಾಧಿಯ ತಗಡಿನ ಆಚೆಯ ಮುಖದಲ್ಲಿ, ಕೆಂಪು ವೃತ್ತದ ನಡುವೆ ಅಡ್ಡಲಾಗಿ ಬಿಳಿಯ ಪಟ್ಟಿಯನ್ನು ಧರಿಸಿ, ಪ್ರವೇಶ ನಿಷೇಧದ ಚಿಹ್ನೆಯು ದೇದೀಪ್ಯಮಾನವಾಗಿ ಶೋಭಿಸುತ್ತಿತ್ತು.

"ಈಗ ನೋಡಿದೆನಪ್ಪ," ಎಂದೆ.

"ನೋಡಿದ್ ಮೇಲೂ ಯಾಕೆ ಬಂದ್ರಿ?"

ಈ ಪ್ರಶ್ನೆಗೆ ಕಾಲದ ಸ್ವರೂಪವನ್ನು ಕುರಿತ ದೀರ್ಘ ಜಿಜ್ಞಾಸೆಯ ಹೊರತು ಬೇರೆ ಉತ್ತರವಿರಲಿಲ್ಲ, ಬಿಸಿಲೂ ಬಲವಾಗಿತ್ತು. ಐನೂರು ರೂಪಾಯಿ ದಂಡವೆಂದರು. 2019ರ ತಿದ್ದುಪಡಿಗೆ ಮುಂಚೆ ಇಂಥ ಸಾಮಾನ್ಯ ತಪ್ಪಿಗೆ ನೂರೇ ರೂಪಾಯಿಯಿತ್ತು. ಕಟ್ಟುವುದಿಲ್ಲ, ನ್ಯಾಯಾಲಯದಲ್ಲಿಯೇ ಉತ್ತರ ಹೇಳುತ್ತೇನೆ ಎಂದೆ. ಆ ಗೃಹಸ್ಥರಿಗೆ ಸಿಟ್ಟು ಬರಲಿಲ್ಲ, ಮರುಕವೇ ಬಂದಿತು. ನನ್ನ ಸ್ಕೂಟರಿನ ಕೊಕ್ಕೆಯಲ್ಲಿ ತೂಗುತ್ತಿದ್ದ ಉಡುಗೊರೆಯ ಪೊಟ್ಟಣವನ್ನು ನೋಡಿ, "ಈ ವಯಸ್ನಲ್ಲಿ ಕೋರ್ಟು ಅಂತ ಯಾಕ್ ಸಾರ್ ಅಲೀತೀರಾ? ಲಾಯರ್‌ಗೇ ಎರಡು ಸಾವ್ರ ಆಯ್ತದೆ. ಐನೂರ್ ಕಟ್ಬುಟ್ಟು ಹೋಗಿ, ಊಟದೊತ್ತು ಆಯ್ತಾ ಬಂತು," ಎಂದರು. ಈ ಮಾತಿನಲ್ಲಿ ಅಡಗಿದ್ದ ಅರ್ಥಶಾಸ್ತ್ರವನ್ನು ನಾನು ಆಮೇಲೆ ಬಹಳ ಮೆಚ್ಚಿಕೊಂಡೆ. ತಪ್ಪನ್ನು ಒಪ್ಪುವುದಕ್ಕೆ ಐನೂರು, ಒಪ್ಪದಿರುವುದಕ್ಕೆ ಎರಡು ಸಾವಿರ ಎಂದಿರುವ ತನಕ ಆ ತಗಡು ಯಾವ ದಿಕ್ಕಿಗೆ ನೋಡಿದರೂ ಯಾರಿಗೂ ನಷ್ಟವಿಲ್ಲ.

ನನ್ನ ಅದೃಷ್ಟಕ್ಕೆ ತಂಗಿಯ ಮಗನೊಬ್ಬ ವಕೀಲ. ಪುರೋಹಿತರು ಪಂಚಾಂಗವನ್ನು ಬಿಚ್ಚುವ ಗಾಂಭೀರ್ಯದಿಂದ ಅವನು ಕಾಯಿದೆಯ ಪುಸ್ತಕವನ್ನು ಬಿಚ್ಚಿದ. 119ನೆಯ ಪ್ರಕರಣದಂತೆ ಚಾಲಕನು ಆಜ್ಞಾಫಲಕವನ್ನು ಪಾಲಿಸಲೇಬೇಕು. ಆದರೆ ಅದಕ್ಕೂ ಹಿಂದಿನ 116ನೆಯ ಪ್ರಕರಣವು ಫಲಕವನ್ನು ನಿಲ್ಲಿಸುವುದೇ ನಿರ್ಬಂಧವನ್ನು ಸಾರ್ವಜನಿಕರ ಗಮನಕ್ಕೆ ತರುವುದಕ್ಕಾಗಿ ಎಂದು ಹೇಳುತ್ತದೆ.

"ಗಮನಕ್ಕೆ ಬಾರದ ಫಲಕ ಫಲಕವೇ ಅಲ್ಲ ಮಾವ, ಬರೀ ತಗಡು," ಎಂದ.

"ಹಾಗಾದರೆ ನಾಳೆಯೇ ಹೋಗಿ ಸ್ಪ್ಯಾನರಿನಿಂದ ತಿರುಗಿಸಿಬಿಡೋಣವೇ?"

ಅವನು ಗಾಬರಿಯಾದ. ಸಂಚಾರದ ಫಲಕವನ್ನು ಬುದ್ಧಿಪೂರ್ವಕವಾಗಿ ಕದಲಿಸುವುದನ್ನು ಅದೇ 116ನೆಯ ಪ್ರಕರಣವು ನಿಷೇಧಿಸಿದೆಯಂತೆ. ಒಂದು ವೇಳೆ ಹಳದಿ ಚೀಟಿಯು ಫಲಕದ ಮುಖವನ್ನೇ ಮುಚ್ಚಿದ್ದರೂ, ಹಾಗೆ ಫಲಕವನ್ನು ಮರೆಮಾಡುವ ಜಾಹೀರಾತನ್ನು ತೆಗೆಸುವ ಅಧಿಕಾರವು ಪೊಲೀಸ್ ಸೂಪರಿಂಟೆಂಡೆಂಟರಿಗಿಂತ ಕಡಮೆ ದರ್ಜೆಯವರಿಗೆ ಇಲ್ಲವಂತೆ. ಮೂಲವ್ಯಾಧಿಯ ವೈದ್ಯರಿಗೆ ಇಷ್ಟು ಉನ್ನತ ಮಟ್ಟದ ರಕ್ಷಣೆಯಿರುವುದು ನನಗೆ ತಿಳಿದಿರಲಿಲ್ಲ. ರಸ್ತೆಯ ವಿನ್ಯಾಸದಲ್ಲಿ ಲೋಪವೆಸಗಿದ ಅಧಿಕಾರಿಗೂ ಗುತ್ತಿಗೆದಾರನಿಗೂ ಒಂದು ಲಕ್ಷ ರೂಪಾಯಿಯವರೆಗೆ ದಂಡವನ್ನು ವಿಧಿಸುವ 198ಎ ಎಂಬ ಪ್ರಕರಣವು 2019ರಲ್ಲಿ ಬಂದಿದೆಯೆಂದು ಕೇಳಿ ಉತ್ಸಾಹಗೊಂಡೆ. ಆದರೆ ಅದರ ಪ್ರಯೋಜನವನ್ನು ಪಡೆಯಬೇಕಾದರೆ ಲೋಪದ ಫಲವಾಗಿ ಸಾವಾಗಲಿ ಅಂಗವೈಕಲ್ಯವಾಗಲಿ ಸಂಭವಿಸಿರಬೇಕು. ನಾನು ಬದುಕಿದ್ದೆ; ಕೈಕಾಲುಗಳೂ ನೆಟ್ಟಗಿದ್ದುವು. ಇನ್ನು 208ನೆಯ ಪ್ರಕರಣದ ಸೊಬಗೇ ಬೇರೆ. ಇಂಥ ಸಣ್ಣ ಅಪರಾಧಗಳಲ್ಲಿ ಆಪಾದಿತನು ನ್ಯಾಯಾಲಯಕ್ಕೆ ಬಾರದೆಯೇ, ರಿಜಿಸ್ಟರ್ಡ್ ಅಂಚೆಯ ಮೂಲಕ, ತಪ್ಪೊಪ್ಪಿಕೊಂಡು ಹಣ ಕಳುಹಿಸಬಹುದು. ಅಪರಾಧಿಗೆ ಅಂಚೆಯ ಸೌಕರ್ಯವುಂಟು. ನಿರಪರಾಧಿಯು ಮಾತ್ರ ಖುದ್ದಾಗಿಯೋ ವಕೀಲರ ಮುಖಾಂತರವೋ ಹಾಜರಾಗತಕ್ಕದ್ದು.

ಮಾವನ ಮುಖ ಬಾಡಿದ್ದನ್ನು ಕಂಡು ಅಳಿಯನು ದೇಶಾಂತರದ ವೀರರ ಕಥೆಗಳನ್ನು ಹೇಳಿದ. ಅಮೆರಿಕೆಯ ಸ್ಯಾನ್ ಡಿಯಾಗೋದಲ್ಲಿ ಡಿಮಿಟ್ರಿ ಕ್ರಿಯೂಕೋವ್ ಎಂಬ ಭೌತವಿಜ್ಞಾನಿಯು 'ನಿಲ್ಲಿ' ಎಂಬ ಫಲಕದ ಬಳಿ ನಿಲ್ಲಲಿಲ್ಲವೆಂಬ ಆಪಾದನೆಗೆ ಗುರಿಯಾದಾಗ, ತಾನು ನಿಂತದ್ದು ಪೊಲೀಸಿನವರ ಕಣ್ಣಿಗೆ ಏಕೆ ಕಾಣಲಿಲ್ಲವೆಂಬುದನ್ನು ಸಮೀಕರಣಗಳ ಮೂಲಕ ನಿರೂಪಿಸಿ, ಪ್ರೌಢಪ್ರಬಂಧವನ್ನೇ ಬರೆದು 400 ಡಾಲರಿನ ದಂಡದಿಂದ ಪಾರಾದನಂತೆ. 2012ರಲ್ಲಿ ಆ ಪ್ರಬಂಧ ಲೋಕಪ್ರಸಿದ್ಧವೂ ಆಯಿತು. ಆರೆಗಾನ್ ಸಂಸ್ಥಾನದ ಮ್ಯಾಟ್ಸ್ ಯಾರ್ಲ್‌ಸ್ಟ್ರೋಮ್ ಎಂಬಾತನ ಕಥೆ ಇನ್ನೂ ಸ್ವಾರಸ್ಯವಾದುದು. 2013ರಲ್ಲಿ ಅವನ ಹೆಂಡತಿಗೆ ಕೆಂಪು ದೀಪದ ಕ್ಯಾಮೆರಾದಿಂದ ದಂಡದ ಚೀಟಿ ಬಂದಿತು. ಹಳದಿ ದೀಪವು ಎಷ್ಟು ಹೊತ್ತು ಉರಿಯಬೇಕೆಂಬ ಸೂತ್ರವು ನೆಟ್ಟಗೆ ಹೋಗುವವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು, ತಿರುವಿನಲ್ಲಿ ನಿಧಾನಿಸುವವರನ್ನು ಮರೆತಿದೆಯೆಂದು ಆತ ಸಾಧಿಸಹೊರಟ. ಸಂಸ್ಥಾನದ ಇಂಜಿನಿಯರುಗಳ ಮಂಡಲಿಯು ಸೂತ್ರವನ್ನು ಪರಿಶೀಲಿಸುವ ಬದಲು, ಲೈಸೆನ್ಸಿಲ್ಲದೆ ತನ್ನನ್ನು ಇಂಜಿನಿಯರ್ ಎಂದು ಕರೆದುಕೊಂಡದ್ದಕ್ಕಾಗಿ ಆತನಿಗೇ 500 ಡಾಲರ್ ದಂಡ ಹಾಕಿತು. ಆ ಮೇಲೆ ಅವನು ಫೆಡರಲ್ ನ್ಯಾಯಾಲಯದಲ್ಲಿ ಗೆದ್ದು, 2020ರಲ್ಲಿ ಸಾರಿಗೆ ಇಂಜಿನಿಯರುಗಳ ಸಂಸ್ಥೆಯು ತನ್ನ ಮಾರ್ಗಸೂಚಿಯನ್ನೇ ತಿದ್ದಿಕೊಂಡಿತು. ಅವನದೂ ಐನೂರು, ನನ್ನದೂ ಐನೂರು ಎಂದು ನಾನು ಪುಲಕಿತನಾಗಿ ಕುಳಿತಿರುವಾಗ ಕಾಫಿ ತಂದ ನನ್ನಾಕೆ, "ನೀವು ಅಲ್ಲಿ ಹೋಗಿ ರಿಟೈರ್ಡ್ ಮೇಷ್ಟ್ರು ಅಂತ ಹೇಳ್ಕೋಬೇಡಿ. ಅದಕ್ಕೂ ದಂಡ ಹಾಕಿಬಿಟ್ಟಾರು," ಎಂದಳು.

ಸ್ಥಳದ ಅಳತೆಯಿಲ್ಲದೆ ವಾದ ನಿಲ್ಲದೆಂದು ಅಳಿಯನ ಅಭಿಪ್ರಾಯ. ಆದ್ದರಿಂದ ಒಂದು ಭಾನುವಾರ ಬೆಳಗ್ಗೆ, ಹತ್ತನೆಯ ತರಗತಿಯಲ್ಲಿ ಓದುವ ಅವನ ಮಗನ ಕೈಗೆ ಟೇಪಿನ ಒಂದು ತುದಿಯನ್ನು ಕೊಟ್ಟು, ಇನ್ನೊಂದನ್ನು ನಾನು ಹಿಡಿದು, ಗಿರಣಿಯ ಬೀದಿಯಲ್ಲಿ ಕಂಬಕ್ಕೂ ದೊಡ್ಡ ರಸ್ತೆಗೂ ನಡುವಣ ದೂರವನ್ನು ಅಳೆಯತೊಡಗಿದೆ. ಹುಡುಗನು ಕೂಗಿ ಅಂಕಿ ಹೇಳುವುದು, ನಾನು ಬಗ್ಗಿ ನೋಟ್‌ಬುಕ್ಕಿನಲ್ಲಿ ಬರೆಯುವುದು. ಎರಡು ಸಾಲು ಬರೆಯುವಷ್ಟರಲ್ಲಿ ಟೀ ಅಂಗಡಿಯವನು ಲೋಟಗಳನ್ನು ಬಿಟ್ಟು ಹೊರಗೆ ಬಂದ, ಇಸ್ತ್ರಿ ಪೆಟ್ಟಿಗೆಯವನು ಕೆಂಡ ಊದುವುದನ್ನು ನಿಲ್ಲಿಸಿದ, ಮಹಡಿಯ ಮೇಲೆ ಕೂದಲು ಒಣಗಿಸುತ್ತಿದ್ದ ಹೆಂಗಸೊಬ್ಬಳು, "ಏನ್ರೀ, ಬಂದ್ರು ನೋಡ್ರೀ!" ಎಂದು ಒಳಗಿದ್ದ ಗಂಡನನ್ನು ಕೂಗಿದಳು. ಮೈಯೆಲ್ಲ ಹಿಟ್ಟಾಗಿದ್ದ ಗಿರಣಿಯ ಯಜಮಾನರು ನನ್ನ ಬಳಿಗೆ ಬಂದು, ಹೆಗಲ ಮೇಲಿನ ಟವಲನ್ನು ಕೈಗೆ ತೆಗೆದುಕೊಂಡು, ತೀರ ಮೆತ್ತಗೆ ಕೇಳಿದರು:

"ನಮ್ದು ಎಷ್ಟು ಅಡಿ ಹೋಯ್ತದೆ ಸಾರ್?"

"ಏನು ಹೋಗುವುದು?"

"ಅದೇ, ರೋಡ್ ಅಗಲ ಮಾಡೋಕೆ. ಮೂವತ್ತಡಿ ಅಂತಿದ್ರು. ನಾಕಡಿ ಹೋದ್ರೆ ಮೋಟಾರ್ ಕಿತ್ತಾಕಬೇಕು. ಆರಡಿ ಹೋದ್ರೆ ಗಿರಣಿನೇ ಇಲ್ಲ."

ನಾನು ಸರ್ಕಾರದವನಲ್ಲ, ಮೇಷ್ಟ್ರು, ಈ ಬೋರ್ಡಿನ ವಿಷಯವಾಗಿ ಕೇಸು ನಡೆಸುತ್ತಿದ್ದೇನೆ ಎಂದು ವಿವರಿಸಿದಷ್ಟೂ ಅವರ ಸಂಶಯವು ಬಲಿಯಿತು. ಐನೂರು ರೂಪಾಯಿಗಾಗಿ ಒಬ್ಬ ಮನುಷ್ಯನು ಕೆಂಗೇರಿಯಿಂದ ಟೇಪು ಹಿಡಿದು ಬರುತ್ತಾನೆಂಬುದನ್ನು ಆ ಬೀದಿಯಲ್ಲಿ ಯಾರೂ ನಂಬಲಿಲ್ಲ. ಹುಡುಗನಿಗೆ ಬಿಸ್ಕತ್ತನ್ನೂ ನನಗೆ ಟೀಯನ್ನೂ ಕೊಟ್ಟು, ದುಡ್ಡು ತೆಗೆದುಕೊಳ್ಳಲಿಲ್ಲ. ಇದೇ ಹೊತ್ತಿಗೆ ಬೀದಿಯ ಆ ಕೊನೆಯಿಂದ ನ್ಯಾಯವಾದ ದಿಕ್ಕಿನಲ್ಲಿಯೇ ಮೊಪೆಡ್ಡಿನಲ್ಲಿ ಹಾಲಿನ ಕ್ಯಾನುಗಳನ್ನು ಹೇರಿಕೊಂಡು ಬಂದ ಪರಸ್ಥಳದ ತರುಣನೊಬ್ಬ, ಎದುರಿಗೆ ಪ್ರವೇಶ ನಿಷೇಧದ ಕೆಂಪು ವೃತ್ತವನ್ನು ಕಂಡು ಅವಾಕ್ಕಾಗಿ ನಿಂತು, ವಿಧೇಯನಾಗಿ ಮೊಪೆಡ್ಡನ್ನು ತಿರುಗಿಸಿ, ಬಂದ ದಾರಿಯಲ್ಲಿಯೇ ಹಿಂದಿರುಗಿದ. ಅಂದರೆ ನಿಷಿದ್ಧವಾದ ದಿಕ್ಕಿನಲ್ಲಿ, ಬೇವಿನ ಮರದ ಕಡೆಗೆ. ಭಾನುವಾರವಾದ್ದರಿಂದ ಪಾರಾದ. ಫಲಕವನ್ನು ಕಾಣದವನೂ ಅಪರಾಧಿ, ಕಂಡು ಪಾಲಿಸಿದವನೂ ಅಪರಾಧಿ. ಅದನ್ನು ಕಂಡೂ ಲಕ್ಷಿಸದೆ ಹೋಗುವ ಊರಿನ ಜನ ಮಾತ್ರ ಸಾಧುಗಳು.

ಕಚೇರಿಗಳ ಕಥೆಯನ್ನು ಬೆಳೆಸುವುದಿಲ್ಲ. ಬೋರ್ಡು ಪೌರಸಂಸ್ಥೆಯದೆಂದು ಠಾಣೆಯವರೂ, ಒನ್‌ವೇ ಮಾಡಿಸಿದವರು ಪೊಲೀಸಿನವರೆಂದು ಪೌರಸಂಸ್ಥೆಯವರೂ, ರಸ್ತೆ ಮಾತ್ರ ತಮ್ಮದು, ಅದರ ಮೇಲೆ ನಿಂತದ್ದೆಲ್ಲ ತಮ್ಮದಲ್ಲವೆಂದು ಇನ್ನೊಂದು ಇಲಾಖೆಯವರೂ ಹೇಳಿದರು. ಕಂಬವನ್ನು ನೆಟ್ಟವರು ಯಾರೆಂಬುದು ತಿಳಿಯದೆ ಹೋದರೂ, ಲಾರಿಯೊಂದು ತಾಗಿ ಅದು ತಿರುಗಿಕೊಂಡದ್ದು ಹೋದ ಯುಗಾದಿಯ ಹಿಂದುಮುಂದೆಂದು ಗಿರಣಿಯ ಯಜಮಾನರು ಖಚಿತವಾಗಿ ಬಲ್ಲರು.

ವಿಚಾರಣೆಯ ದಿನ ಚೆಕ್ಕು ವಾಪಸಾದ ಮೊಕದ್ದಮೆಗಳ ಮಹಾಪೂರವು ಇಳಿಯುವ ತನಕ ಕಾದು, ಮಧ್ಯಾಹ್ನದ ಮೇಲೆ ನಮ್ಮ ಸರದಿ ಬಂದಿತು. ಅಳಿಯನು ಅಳತೆಗಳನ್ನೂ ನಕ್ಷೆಯನ್ನೂ ಒಳಗೊಂಡ, ನೀಲಿ ರಟ್ಟಿನ ಕಡತವನ್ನು ಎರಡು ಕೈಗಳಿಂದ ಎತ್ತಿ ಹಿಡಿದು ನಿಂತ. ಅದನ್ನು ತೆರೆಯುವ ಅವಶ್ಯಕತೆಯೇ ಬೀಳಲಿಲ್ಲ. ಮ್ಯಾಜಿಸ್ಟ್ರೇಟರು ಪೊಲೀಸಿನವರೇ ಹಾಜರುಪಡಿಸಿದ್ದ ಭಾವಚಿತ್ರವನ್ನು ಬಹಳ ಹೊತ್ತು ನೋಡಿದರು. ಅದರಲ್ಲಿ ನನ್ನ ಸ್ಕೂಟರು, ಅದರ ನಂಬರು, ಬಿಸಿಲಿಗೆ ಕಿರಿದಾದ ಕಣ್ಣುಗಳ ನನ್ನ ಮುಖ, ನನ್ನ ಭುಜದ ಹಿಂದೆ ಪ್ರವೇಶ ನಿಷೇಧದ ಫಲಕದ ಮುಖ, ನಾಲ್ಕೂ ಸ್ಫುಟವಾಗಿ ಬಂದಿದ್ದುವು. ಅಪರಾಧಿಯನ್ನೂ ಆಜ್ಞೆಯನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿದುದಕ್ಕಾಗಿ ತೆಗೆದವರಿಗೆ ಹೆಮ್ಮೆಯಾಗಿದ್ದರೆ ಆಶ್ಚರ್ಯವಿಲ್ಲ.

"ಈ ಬೋರ್ಡ್ ಯಾವ ಕಡೆಗೆ ನೋಡ್ತಾ ಇದೆ?" ಎಂದರು.

"ನನ್ ಕಡೆಗೇ ಸ್ವಾಮಿ. ಕ್ಲಿಯರ್ ಆಗಿ ಕಾಣ್ತದೆ."

"ಇವರು ಯಾವ ಕಡೆಗೆ ನೋಡ್ತಾ ಇದಾರೆ?"

"ಇವರೂ ನನ್ ಕಡೆಗೇ ಸ್ವಾಮಿ."

"ಇಬ್ಬರೂ ನಿಮ್ಮ ಕಡೆಗೇ ನೋಡ್ತಾ ಇದ್ರೆ, ಅವರು ಬೋರ್ಡನ್ನ ನೋಡೋದು ಹೇಗೆ?"

ಕೋರ್ಟಿನಲ್ಲಿ ನಗು ಎದ್ದಿತು. ಪೊಲೀಸಿನವರು ಸ್ವಲ್ಪ ಯೋಚಿಸಿ, "ನಮ್ಮೂರಲ್ಲಿ ಎಲ್ರಿಗೂ ಗೊತ್ತು ಸ್ವಾಮಿ," ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ನನಗೆ ಖುಲಾಸೆಯಾಯಿತು. ಹೊರಗೆ ಬಂದಾಗ ಅದೇ ಮನುಷ್ಯರು ಮುಗುಳ್ನಗುತ್ತ ಬಂದು, "ಪರ್ವಾಗಿಲ್ಲ ಸಾರ್, ಗೆದ್ದುಬುಟ್ರಿ. ಲಾಯರ್ ಎಷ್ಟು ತಗಂಡ್ರು?" ಎಂದು ಕೇಳಿದರು. ಅಳಿಯನಾದ್ದರಿಂದ ಏನೂ ತೆಗೆದುಕೊಳ್ಳಲಿಲ್ಲವೆಂದೆ. ಅವರಿಗೆ ಸಮಾಧಾನವಾಯಿತು.

ಮನೆಯಲ್ಲಿ ಲೆಕ್ಕಾಚಾರ ಬೇರೆ ಬಗೆಯಾಗಿತ್ತು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ, ಬಾಕಿಯಿದ್ದ ಸಂಚಾರ ದಂಡಗಳನ್ನು ಅರ್ಧಕ್ಕೆ ಕಟ್ಟಿ ಮುಗಿಸಬಹುದೆಂದು ಸರ್ಕಾರವು 2023ರಲ್ಲಿ ಮಾಡಿದ್ದಂತೆಯೇ ಮತ್ತೊಮ್ಮೆ ರಿಯಾಯಿತಿಯನ್ನು ಸಾರಿತ್ತು. ಜನರು ಸಂಭ್ರಮದಿಂದ ಸಾಲುಗಟ್ಟಿ ನಿಂತು ಕಟ್ಟಿದರು. ಸಿಗ್ನಲ್ ಹಾರಿದ ಎದುರುಮನೆಯವರು ಅರ್ಧ ದಂಡದಲ್ಲಿ ನಿಶ್ಚಿಂತರಾದ ವಿಷಯವನ್ನು ನನ್ನಾಕೆಯು ಪೆಟ್ರೋಲು, ನಕಲಿನ ಖರ್ಚು, ಅಳಿಯನಿಗೆ ಮಾಡಿಹಾಕಿದ ಒಬ್ಬಟ್ಟು ಇವುಗಳ ಪಟ್ಟಿಯೊಂದಿಗೆ ಆಗಾಗ ತಾಳೆಹಾಕಿ ತೋರಿಸುತ್ತಾಳೆ.

ಫಲಕವನ್ನು ಈಗ ತಿರುಗಿಸಿದ್ದಾರಂತೆ. ಯಾರು ತಿರುಗಿಸಿದರೆಂಬುದಕ್ಕೆ ಮೂರು ಕಚೇರಿಗಳಲ್ಲಿಯೂ ದಾಖಲೆಯಿಲ್ಲ. ಈ ವರ್ತಮಾನವನ್ನು ನನಗೆ ಮುಟ್ಟಿಸಿದವರು ಗಿರಣಿಯ ಯಜಮಾನರು, ಅದೂ ಬೇರೊಂದು ಕಾರ್ಯದ ನಡುವೆ. ನಾನು ಟೇಪು ಹಿಡಿದು ಬಂದುಹೋದ ವಾರವೇ ಬೀದಿಯ ವರ್ತಕರೆಲ್ಲ ಸೇರಿ, ಅಗಲೀಕರಣವನ್ನು ಕೈಬಿಡಬೇಕೆಂದು ಸಹಿ ಮಾಡಿ ಮನವಿ ಕೊಟ್ಟಿದ್ದರು. ಅದಕ್ಕೆ ಉತ್ತರ ಬಂದಿದೆ: ಅಂಥ ಯಾವ ಪ್ರಸ್ತಾವವೂ ಪ್ರಸ್ತುತ ಕಚೇರಿಯ ಮುಂದಿರುವುದಿಲ್ಲ, ಆದಾಗ್ಯೂ ಮನವಿಯಲ್ಲಿ ಉಲ್ಲೇಖಿಸಿರುವ ಅಗಲೀಕರಣದ ಸಾಧ್ಯಾಸಾಧ್ಯತೆಗಳನ್ನು ಪರಿಶೀಲಿಸಿ ವರದಿ ಮಾಡುವಂತೆ ಇಂಜಿನಿಯರರಿಗೆ ಸೂಚಿಸಲಾಗಿದೆ.

ಇದನ್ನೆಲ್ಲ ಫೋನಿನಲ್ಲಿ ಓದಿ ಹೇಳಿದ ಯಜಮಾನರಿಗೆ ನನ್ನ ಮೇಲೆ ಕೋಪವಿದ್ದಂತೆ ಕಾಣಲಿಲ್ಲ. "ಮೇಷ್ಟ್ರೇ, ಆವತ್ತು ನೀವು ಬರ್ಕೊಂಡ ಅಳತೆ ಚೀಟಿ ಐತಲ್ಲ, ಅದರದೊಂದು ಜೆರಾಕ್ಸ್ ಕಳಿಸ್ಕೊಡಿ. ನಾಳೆ ಅವ್ರು ಟೇಪ್ ಹಿಡ್ಕೊಂಡು ಬಂದ್ರೆ ತಾಳೆ ನೋಡೋಕೆ ಬೇಕು," ಎಂದರು. ನೀಲಿ ರಟ್ಟಿನ ಕಡತವು ಮ್ಯಾಜಿಸ್ಟ್ರೇಟರ ಕೈಗೆ ಹೋಗದೆ ಮನೆಯಲ್ಲಿಯೇ ಉಳಿದಿತ್ತು. ಸಂಜೆಯೇ ಜೆರಾಕ್ಸ್ ಮಾಡಿಸಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆ.